ಬಾವಿಗೆ ಬಿಟ್ಟ ಅಕ್ಷರಗಳು

ಬೆಳಗಾವಿಯ ಸದಾಶಿವನಗರದಲ್ಲಿ ನಮ್ಮ ಅಕ್ಕಪಕ್ಕದವರು ಏನು ಉದ್ಯೋಗ ಎಂದು ಕೇಳಿದರೆ ನಾನು ‘ಪೇಪರ್ ಬಿಸಿನೆಸ್’ ಎನ್ನುತ್ತೇನೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಗತ್ತೂ ಇರುತ್ತದೆ. ಕೇಳಿದವರು ನೋಟ್‌ಬುಕ್ಕೋ ಪ್ರಿಂಟಿಂಗ್ ಪ್ರೆಸ್ಸೋ ಇರಬೇಕು ಅಂದುಕೊಂಡು ತಲೆಯಾಡಿಸುತ್ತಾರೆ. ನಾನು ತಿದ್ದುವುದಿಲ್ಲ. ಶಾಲೆಯಲ್ಲಿ ನನ್ನ ಮಕ್ಕಳೂ ಅದನ್ನೇ ಹೇಳುತ್ತಾರೆ. ಅವರಿಗೆ ಹಾಗೆ ಹೇಳಲು ಕಲಿಸಿದವನೂ ನಾನೇ.

ನಿಜ ಹೇಳಬೇಕೆಂದರೆ ನನ್ನ ಉದ್ಯೋಗದಲ್ಲಿ ಪೇಪರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಹೊರದೇಶದ ರದ್ದಿ ಹಡಗಿನಲ್ಲಿ ಬಂದು, ಬಂದರಿನಿಂದ ಲಾರಿ ಹತ್ತಿ, ದೂರದ ಒಂದು ಪೇಪರ್ ಮಿಲ್ಲಿಗೆ ಹೋಗುತ್ತದೆ. ಒತ್ತಿ ತಂತಿ ಬಿಗಿದ ದೊಡ್ಡ ದೊಡ್ಡ ಗಂಟುಗಳು. ಹೆಸರಿಗೆ ರದ್ದಿ ಪೇಪರು. ಬಿಚ್ಚಿದರೆ ಹೊಟ್ಟೆಯೊಳಗಿಂದ ಚಿಪ್ಸಿನ ಚೀಲ, ಕೋಳಿಮಾಂಸದ ಪಾಕೀಟು, ಕೂಸಿನ ಡೈಪರು ತುಂಬಿ ಬಂದ ಕವರು, ನಾಯಿಗೆ ಹಾಕುವ ಬಿಸ್ಕೀಟಿನ ಚೀಲ. ಪೇಪರನ್ನು ಮಿಲ್ಲು ಇಟ್ಟುಕೊಳ್ಳುತ್ತದೆ. ಬೇಡವಾದ ಪ್ಲಾಸ್ಟಿಕ್ಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಜಾರುತ್ತ ಜಾರುತ್ತ, ಕೊನೆಗೆ ಖಾನಾಪುರದಿಂದ ನಂದಗಡಕ್ಕೆ ಹೋಗುವ ದಾರಿಯಲ್ಲಿ ನಮ್ಮೂರ ಅಂಚಿಗಿರುವ ನನ್ನ ತಗಡಿನ ಶೆಡ್ಡಿಗೆ ಬಂದು ಬೀಳುತ್ತದೆ. ಅಲ್ಲಿಂದ ಆಚೆಗೆ ಅದನ್ನು ಜಾರಿಸಲು ಯಾರೂ ಇಲ್ಲ.

ಶೆಡ್ಡಿನಲ್ಲಿ ನಮ್ಮ ಓಣಿಯ ಹೆಂಗಸರು ಕುಳಿತು ಅದನ್ನು ಆರಿಸುತ್ತಾರೆ. ಗಟ್ಟಿ ಪ್ಲಾಸ್ಟಿಕ್ಕು ಒಂದು ಕಡೆ, ತೆಳ್ಳನೆಯ ಹಾಳೆ ಒಂದು ಕಡೆ. ಇವೆರಡನ್ನೂ ಕೊಳ್ಳುವವರಿದ್ದಾರೆ. ಒಳಗೆ ಬೆಳ್ಳಿಯಂತೆ ಹೊಳೆಯುವ ತಿಂಡಿಯ ಕವರುಗಳನ್ನು ಮಾತ್ರ ಯಾರೂ ಮೂಸುವುದಿಲ್ಲ. ಅವು ಸುತ್ತಲಿನ ಇಟ್ಟಿಗೆ ಭಟ್ಟಿಗಳಿಗೆ ಉರುವಲಾಗಿ ಹೋಗುತ್ತವೆ. ಭಟ್ಟಿಯ ಹೊಗೆ ಕಪ್ಪಗೆ, ಅಂಟಂಟಾಗಿ, ನೆಲಕ್ಕೆ ಹತ್ತಿಕೊಂಡೇ ಸಾಗುತ್ತದೆ. ಹೆಂಗಸರು ಕೆಮ್ಮುತ್ತಾರೆ. ನಾನೂ ಕೆಮ್ಮುತ್ತೇನೆ, ಆದರೆ ಸಂಜೆಯಾದರೆ ಗಾಡಿ ಹತ್ತಿ ಬೆಳಗಾವಿಗೆ ಬಂದುಬಿಡುತ್ತೇನೆ. ಅವರ ಮನೆ ಅಲ್ಲೇ.

ಈ ಹೆಂಗಸರ ಮುಂದೆ ಕುಳಿತು ಮೇಸ್ತ್ರಿತನ ಮಾಡುತ್ತಿದ್ದವಳು ನನ್ನ ಅಮ್ಮಿ. ನನ್ನ ತಂಗಿಯ ಸಂಸಾರದ ಜೊತೆ ಊರಲ್ಲೇ ಇರುತ್ತಾಳೆ. ಮನೆಯಲ್ಲಿ ಕೂರು ಎಂದರೆ ಕೇಳುವ ಪೈಕಿಯಲ್ಲ. ಮೊದಲ ಲಾರಿ ಬಂದಾಗಲೇ ಅವಳ ಕೈಗೆ ಒಂದು ಕವರು ಸಿಕ್ಕಿತು. ಅದರ ಮೇಲೆ ಅರಬ್ಬಿ ಅಕ್ಷರಗಳಿದ್ದವು. ಅಮ್ಮಿ ಅದನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ಮೇಲಿನ ಅಟ್ಟಣಿಗೆಯ ಮೇಲಿಟ್ಟಳು.

ನನಗೆ ನಗು ಬಂತು. ಅವಳಿಗೆ ಕುರಾನು ಓದಲು ಬರುತ್ತದೆ, ಆದರೆ ಅರ್ಥ ಗೊತ್ತಿಲ್ಲ. ನನಗೆ ಗೊತ್ತು. ಗಲ್ಫಿನ ಒಂದು ದೊಡ್ಡ ಅಂಗಡಿಯಲ್ಲಿ ವರ್ಷಗಟ್ಟಲೆ ಸಾಮಾನು ಜೋಡಿಸಿದವನು ನಾನು. ಆ ಕವರಿನ ಮುಖ ನನಗೆ ಹಳೇ ಪರಿಚಯ. ಅಂಥವನ್ನು ಇದೇ ಕೈಯಿಂದ ಸಾಲಾಗಿ ಇಟ್ಟು, ಬೆಲೆಯ ಚೀಟಿ ಅಂಟಿಸಿ, ನನ್ನ ಕೋಣೆಗೂ ತಂದು ತಿಂದು ಬಿಸಾಡಿದ್ದೆ. ನಾನು ಬಿಸಾಡಿದ್ದು ನನ್ನ ಹಿಂದೆಯೇ ಹಡಗು ಹತ್ತಿ ಊರಿಗೆ ಬಂದಂತಾಗಿತ್ತು. ಅಮ್ಮಿಗೆ ಓದಿ ಹೇಳಿದೆ: ಇದು ಕೋಳಿಮಾಂಸದ ಪಾಕೀಟು, ಕೆಳಗೆ ‘ನಿಮ್ಮ ನಗರವನ್ನು ಸ್ವಚ್ಛವಾಗಿಡಿ’ ಎಂದು ಬರೆದಿದೆ. ಅವಳು ಕಂಪನಿಯ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು. ಮಾಲೀಕನ ಹೆಸರೇ ಕಂಪನಿಯ ಹೆಸರು. ಆ ಹೆಸರಿನೊಳಗೆ ಅಲ್ಲಾಹನ ಹೆಸರೂ ಇತ್ತು. ಇದನ್ನು ಭಟ್ಟಿಗೆ ಹಾಕುತ್ತೀಯಾ ಎಂದು ಕೇಳಿದಳು.

ಅಂದಿನಿಂದ ಅಕ್ಷರದ ಕವರುಗಳದೇ ಒಂದು ಬೇರೆ ಚೀಲವಾಯಿತು. ನೆಲಕ್ಕೆ ತಾಗಬಾರದು, ಯಾರೂ ದಾಟಬಾರದು. ಚೀಲ ತುಂಬಿದರೆ ಅಮ್ಮಿ ಅದರ ಬಾಯಿಗೆ ಬಿಳಿ ಮಲ್ಮಲ್ ಬಟ್ಟೆ ಕಟ್ಟಿ, ತಲೆಯ ಮೇಲೆ ಹೊತ್ತು ಬಾವಿಗೆ ಹೋಗುತ್ತಿದ್ದಳು.

ಆ ಬಾವಿಯ ವಿಷಯ ಹೇಳಬೇಕು. ನಮ್ಮ ಖಬರಸ್ತಾನದ ಅಂಚಿಗೆ ಒಂದು ಹಳೆಯ ಬಾವಿಯಿದೆ. ಕುಡಿಯಲು ಅದರ ನೀರು ಯಾರೂ ಸೇದುವುದಿಲ್ಲ. ಓದಿ ಓದಿ ಹರಿದ ಕುರಾನಿನ ಹಾಳೆಗಳನ್ನು ನಮ್ಮಲ್ಲಿ ಕಸಕ್ಕೆ ಹಾಕುವುದಿಲ್ಲ, ಸುಡುವುದೂ ಇಲ್ಲ. ಹಾಳೆ ಶಹೀದ್ ಆಯಿತು ಎನ್ನುತ್ತೇವೆ, ಧರ್ಮಕ್ಕಾಗಿ ಪ್ರಾಣ ಕೊಟ್ಟವರಿಗೆ ಹೇಳಿದ ಹಾಗೆ. ಬಟ್ಟೆಯಲ್ಲಿ ಸುತ್ತಿ, ಕಲ್ಲು ಕಟ್ಟಿ, ಆ ಬಾವಿಗೆ ಬಿಡುತ್ತೇವೆ. ಅಜ್ಜ ಬಿಟ್ಟಿದ್ದು, ಅಜ್ಜನ ಅಜ್ಜ ಬಿಟ್ಟಿದ್ದು ಎಲ್ಲ ಅದರಲ್ಲೇ ಇದೆ. ಇದೆ ಎಂದರೆ ಕರಗಿದೆ. ಕಾಗದ ನೀರಾಗುತ್ತದೆ, ಮಸಿ ನೀರಾಗುತ್ತದೆ, ಬಾವಿ ತುಂಬುವುದೇ ಇಲ್ಲ. ಅಮ್ಮಿ ಕವರುಗಳನ್ನೂ ಹಾಗೆಯೇ ತಿಳಿದಳು. ಪ್ಲಾಸ್ಟಿಕ್ಕು ಕರಗುವುದಿಲ್ಲ ಎಂದು ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. ವಯಸ್ಸಾದವಳ ಮನಸ್ಸು ಯಾಕೆ ನೋಯಿಸಬೇಕು ಎಂದು ನನಗೆ ನಾನೇ ದೊಡ್ಡ ಮಗನಂತೆ ಹೇಳಿಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೋದ ವರ್ಷ ಬೇಸಿಗೆಯ ಕೊನೆಗೆ ಮೋಡ ಕಟ್ಟಿತು. ಮಳೆಗಾಲದಲ್ಲಿ ಇಟ್ಟಿಗೆ ಭಟ್ಟಿಗಳು ಉರಿಯುವುದಿಲ್ಲ. ನನ್ನ ಶೆಡ್ಡಿನಲ್ಲಿ ತಿಂಡಿಯ ಕವರುಗಳು ತಗಡಿನವರೆಗೆ ಏರಿ ನಿಂತಿದ್ದವು. ಹೊಸ ಲಾರಿ ಬರುವುದಿತ್ತು, ಇಳಿಸಲು ಜಾಗವಿರಲಿಲ್ಲ. ಆಗ ನನಗೆ ಅಮ್ಮಿಯ ಬಾವಿ ನೆನಪಾಯಿತು. ಅಕ್ಷರ ಇದ್ದದ್ದು, ಇಲ್ಲದ್ದು, ಇಂಗ್ಲಿಷಿನದು, ಯಾವ ದೇಶದ್ದೆಂದು ತಿಳಿಯದ್ದು, ನಾಯಿಯ ಬಿಸ್ಕೀಟು, ಡೈಪರು, ಎಲ್ಲವನ್ನೂ ಚೀಲಕ್ಕೆ ತುಂಬಿದೆ. ನೋಡಿದವರು ಅನುಮಾನಿಸಬಾರದೆಂದು ನನ್ನ ಒಂದು ಹಳೆಯ ಬಿಳಿ ಅಂಗಿಯನ್ನು ಹರಿದು ಆ ಚೀಲಗಳ ಬಾಯಿಗೂ ಕಟ್ಟಿದೆ. ಹಾಡಹಗಲೇ ಪಿಕಪ್ಪಿನಲ್ಲಿ ಹೇರಿಕೊಂಡು ಹೋದೆ. ದಾರಿಯಲ್ಲಿ ಎದುರಾದವರು ಬಿಳಿ ಬಟ್ಟೆ ಕಂಡು ಗೌರವದಿಂದ ಬದಿಗೆ ಸರಿದರು. ಒಬ್ಬ ಮುದುಕ ಸಲಾಂ ಮಾಡಿದ. ನಾನು ತಿರುಗಿ ಸಲಾಂ ಮಾಡಿದೆ. ಈಗಲೂ ಆ ಸಲಾಮು ನೆನಪಾದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಬಾವಿಯ ಕೆಳಗಿನ ಇಳಿಜಾರಿನಲ್ಲಿರುವುದು ಕಾಕಾನ ಗದ್ದೆ. ಕಾಕಾ ನಮ್ಮ ರಕ್ತಸಂಬಂಧಿಯಲ್ಲ, ಬಾಜು ಹೊಲದ ಹಿಂದೂ ರೈತ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ನಮ್ಮ ಈದಿನ ಶಾವಿಗೆಯ ಸುರಕುಂಬಾ ಮೊದಲು ಹೋಗುವುದು ಅವರ ಮನೆಗೆ, ಅವರ ಹೊಸ ಅಕ್ಕಿ ಮೊದಲು ಬರುವುದು ನಮ್ಮ ಮನೆಗೆ. ಇದನ್ನು ದೊಡ್ಡದು ಮಾಡಿ ಭಾಷಣ ಬಿಗಿಯುವ ಮನುಷ್ಯ ನಾನಲ್ಲ. ನಮ್ಮಲ್ಲಿ ಅದು ಹಾಗೆಯೇ ನಡೆದುಬಂದಿದೆ, ಅಷ್ಟೆ.

ಆ ಸಲ ಮಳೆ ಜೋರಾಗಿಯೇ ಹಿಡಿಯಿತು. ಭತ್ತದ ನಾಟಿಯ ದಿನಗಳು. ಒಂದು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿದ್ದಾಗ ನಾನು ತಂಗಿಯ ಮನೆಯಲ್ಲಿ ಅಮ್ಮಿಯ ಜೊತೆ ಚಹಾ ಕುಡಿಯುತ್ತಿದ್ದೆ. ಕಾಕಾ ಬಂದ. ಒಗೆದ ಧೋತರದಲ್ಲಿ ಕಟ್ಟಿದ ಒಂದು ಗಂಟನ್ನು ತಲೆಯ ಮೇಲೆ ಹೊತ್ತಿದ್ದ. ಅಮ್ಮಿ ಕುಂದರ್ರಿ ಎಂದರೂ ಕೂರಲಿಲ್ಲ. ಇದನ್ನು ಎತ್ತರದಲ್ಲಿ ಇಡಬೇಕಲ್ಲ, ಎಲ್ಲಿಡಲಿ ಎಂದು ಕೇಳಿದ. ತಂಗಿ ಗೋಡೆಯ ಎತ್ತರದ ಗೂಡು ತೋರಿಸಿದಳು. ಅಲ್ಲಿಟ್ಟ ಮೇಲೆಯೇ ಅವನು ಉಸಿರು ಬಿಟ್ಟ.

ಬಾವಿ ಉಕ್ಕಿತ್ತು. ಒಳಗಿನದೆಲ್ಲ ಮೇಲೆ ತೇಲಿ, ದಂಡೆ ದಾಟಿ, ಅವನ ಎರಡು ಮಡಿಗಳಲ್ಲಿ ಹರಡಿತ್ತು. ಕೆಸರು ಹದವಾಗಿತ್ತು, ಸಸಿ ತಯಾರಾಗಿತ್ತು, ಟಿಲ್ಲರು ಬಂದು ನಿಂತಿತ್ತು. ಆದರೆ ಗದ್ದೆಯ ತುಂಬ ನಮ್ಮ ಅಕ್ಷರಗಳು. ಅವನ ಮನೆಯ ಹೆಂಗಸರು ಅವನ್ನು ತುಳಿದು ನಾಟಿ ಮಾಡಲು ಒಪ್ಪಲಿಲ್ಲ, ಅವನಿಗೂ ಮನಸ್ಸಾಗಲಿಲ್ಲ. ಟಿಲ್ಲರಿನವನನ್ನು ವಾಪಸು ಕಳಿಸಿದ್ದ. ಕೈಗೆ ಸಿಕ್ಕಷ್ಟನ್ನು ಆರಿಸಿ, ತೊಳೆದು, ತಂದಿದ್ದ. ಉಳಿದದ್ದನ್ನು ನೀವು ಬಂದು ನಿಮ್ಮ ಪದ್ಧತಿಯಂತೆ ತೆಗೆದುಕೊಂಡು ಹೋಗಿ, ಸ್ವಲ್ಪ ಬೇಗ ಬನ್ನಿ, ಸಸಿ ಮಡಿಯಲ್ಲೇ ಬಲಿತುಬಿಟ್ಟರೆ ಆಮೇಲೆ ಹಚ್ಚಿ ಪ್ರಯೋಜನವಿಲ್ಲ ಎಂದ. ಬಯ್ಯಲಿಲ್ಲ. ಈಗಿನ ದಿನಗಳಲ್ಲಿ ಒಬ್ಬನ ಗದ್ದೆಯಲ್ಲಿ ಇನ್ನೊಬ್ಬರ ಅಕ್ಷರ ತೇಲಿದರೆ ಏನೇನು ಆಗಬಹುದು ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಅದಕ್ಕೇ ಯಾರಿಗೂ ಹೇಳದೆ ನೇರ ನಮ್ಮಲ್ಲಿಗೆ ಬಂದಿದ್ದ.

ಆರಿಸಲು ಹೋದರೆ ಅಮ್ಮಿಯೂ ಬರುತ್ತಾಳೆ, ಬಂದರೆ ಉಳಿದದ್ದೂ ಕಣ್ಣಿಗೆ ಬೀಳುತ್ತದೆ. ಉಪಾಯ ಮಾಡಿದೆ. ಕಾಕಾನನ್ನು ಪಕ್ಕಕ್ಕೆ ಕರೆದು, ತಿಳಿದವನ ದನಿಯಲ್ಲಿ ಹೇಳಿದೆ: ಇವು ಬರೀ ಕೋಳಿಯ ಪಾಕೀಟು, ಚಿತ್ರ ನೋಡು, ದೇವರಿಗೂ ಇದಕ್ಕೂ ಸಂಬಂಧವಿಲ್ಲ, ತುಳಿದರೆ ಪಾಪವಿಲ್ಲ, ಇವತ್ತೇ ಟಿಲ್ಲರು ಹೊಡೆಸಿ ನಾಟಿ ಮಾಡಿಸು. ನಾನು ದೊಡ್ಡ ಉಪಕಾರ ಮಾಡುತ್ತಿರುವವನಂತೆ ಮಾತಾಡಿದೆ.

ಕಾಕಾ ನನ್ನ ಮುಖ ನೋಡಿದ.

“ಕೋಳಿ ಚಿತ್ರ ನನಗೂ ಕಾಣತೈತಿ ತಮ್ಮಾ,” ಎಂದ. “ಖರೇ, ನಿಮ್ಮ ಅವ್ವ ಇದನ್ನ ತಲಿ ಮ್ಯಾಲ ಹೊತ್ಕೊಂಡು ಹೋಗೂದ ನಾ ದಿನಾ ನೋಡೇನಿ. ಆಕಿ ತಲಿ ಮ್ಯಾಲ ಹೊತ್ತಿದ್ದನ್ನ ನಾ ಕಾಲಾಗ ತುಳೀಲಿ ಹೆಂಗ?”

ಇವರಿಬ್ಬರೂ ಏನೂ ತಿಳಿಯದವರು, ಇವರ ನಡುವೆ ಓದು ಬಲ್ಲವನು ನಾನೊಬ್ಬನೇ ಎಂದುಕೊಂಡಿದ್ದೆ. ಚಿತ್ರ ಅವರಿಗೂ ಕಂಡಿತ್ತು. ಕಂಡ ಮೇಲೂ ಅವರು ಹಾಗೆ ನಡೆದುಕೊಂಡಿದ್ದರು. ಅವರ ಆ ನಡತೆಯ ಮರೆಯಲ್ಲಿ ಕಸ ಸುರಿದವನು ನಾನು.

ಮೂವರೂ ಗದ್ದೆಗೆ ಹೋದೆವು. ಬದುವಿನ ಮೇಲೆ ಕಾಕಾನ ಮನೆಯವರು ಆಗಲೇ ಎರಡು ಗುಡ್ಡೆ ಹಾಕಿದ್ದರು. ಅಕ್ಷರದ ಕವರುಗಳನ್ನು ಮುತ್ತಲ ಎಲೆಗಳ ಮೇಲೆ ಮಡಚಿ ಇಟ್ಟಿದ್ದರು. ಅದು ಸಣ್ಣ ಗುಡ್ಡೆ. ಆಚೆಗೆ ಇನ್ನೊಂದು, ಎಮ್ಮೆಯೊಂದು ಮಲಗಿದಷ್ಟು ದೊಡ್ಡದು. ಅದರಲ್ಲಿ ಒಂದರ ಮೇಲೂ ನಮ್ಮ ಅಕ್ಷರವಿರಲಿಲ್ಲ. ನಾಯಿಯ ಚಿತ್ರ, ನಗುವ ಕೂಸಿನ ಚಿತ್ರ, ಹಿಮದ ಬೆಟ್ಟದ ಚಿತ್ರ.

ಆ ದೊಡ್ಡ ಗುಡ್ಡೆಯನ್ನು ತೋರಿಸುವಾಗ ಕಾಕಾನಿಗೆ ನಿಜವಾಗಿ ಸಿಟ್ಟು ಬಂದಿತ್ತು. ತನ್ನ ಗದ್ದೆ ಕೆಟ್ಟಿತೆಂದಲ್ಲ. ಯಾರೋ ಬೇಕಂತಲೇ ಈ ಹೊಲಸನ್ನು ನಮ್ಮ ಬಾವಿಗೆ ಸುರಿದು ಹೋಗಿದ್ದಾರೆ, ನಮಗೆ ಅವಮಾನ ಮಾಡಲಿಕ್ಕೇ ಹೀಗೆ ಮಾಡಿದ್ದಾರೆ ಎಂದು ಅವನ ಲೆಕ್ಕ. ಪಂಚಾಯ್ತಿಗೆ ಹೇಳೋಣ, ಪೊಲೀಸರಿಗೆ ಹೇಳೋಣ, ಎಲ್ಲಿ ಬೇಕಾದರೂ ಬಂದು ಸಾಕ್ಷಿ ಹೇಳುತ್ತೇನೆ, ಬಿಡಬೇಡಿ ಎಂದ. ಅವನು ನಮ್ಮ ಪರವಾಗಿ ಕುದಿಯುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಹೂಂಗುಟ್ಟಿದೆ. ಹೌದು, ಹೂಂಗುಟ್ಟಿದೆ. ಆ ಹೊತ್ತಿಗೂ ತಪ್ಪಿಸಿಕೊಳ್ಳುವ ದಾರಿ ಸಿಕ್ಕಿತು ಎಂದೇ ನನ್ನ ಮನಸ್ಸು ಎಣಿಸುತ್ತಿತ್ತು.

ಅಮ್ಮಿ ಆ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕವರುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಕೊಳೆತ ಬಟ್ಟೆಯ ತುಂಡನ್ನು ಎಳೆದು ತೆಗೆದಳು. ಅವಳ ಮಲ್ಮಲ್ ಅಲ್ಲ. ಅಂಗಿಯ ಬಟ್ಟೆ, ಗುಂಡಿಯ ಕಾಜ ಹಾಗೇ ಇತ್ತು. ಆ ಕಾಜ ಹಿಂದೊಮ್ಮೆ ಹಿಗ್ಗಿದ್ದಾಗ ನೀಲಿ ದಾರದಲ್ಲಿ ಹೊಲಿದುಕೊಟ್ಟವಳು ಅವಳೇ. ಬಟ್ಟೆಯನ್ನು ಹಿಂಡಿದಳು, ಬಿಡಿಸಿ ನೋಡಿದಳು, ಮಡಚಿದಳು. ನನ್ನ ಕಡೆ ತಿರುಗಲಿಲ್ಲ. ಕಾಕಾ ಇನ್ನೂ ಪೊಲೀಸರ ಮಾತಾಡುತ್ತಿದ್ದ.

“ಬ್ಯಾರೆ ಯಾರೂ ಹಾಕಿಲ್ರೀ,” ಎಂದಳು ಅಮ್ಮಿ. “ಇವೂ ನಮ್ಮ ಮನೀವಽ ಅದಾವ.”

ಕಾಕಾನ ಮಾತು ನಿಂತಿತು. ಅವನಿಗೆ ಅರ್ಥವಾಯಿತು, ಆಗಿದ್ದು ನನಗೂ ಕಂಡಿತು. ಅವನು ಒಂದು ಮಾತು ಕೇಳಿದ್ದರೂ ಆಗುತ್ತಿತ್ತು. ಯಾಕೆ ಹೀಗೆ ಮಾಡಿದೆ ಅಂದಿದ್ದರೆ ಭಟ್ಟಿಯ ಕಥೆ, ಲಾರಿಯ ಕಥೆ, ನಮ್ಮಂಥ ಬಡ ದೇಶದ ಮೇಲೆ ತಮ್ಮ ಕಸ ಸುರಿಯುವ ದೊಡ್ಡ ದೇಶಗಳ ಕಥೆ, ಎಲ್ಲ ನನ್ನ ಬಾಯಿಯಲ್ಲಿ ತಯಾರಿತ್ತು. ಆ ಕಥೆಯಲ್ಲಿ ಸುಳ್ಳೇನಿಲ್ಲ. ಅವರು ಕಾಗದವೆಂದು ಹೇಳಿ ನಮಗೆ ಕಸ ಕಳಿಸಿದರು, ಖರೆ. ನಾನು ಅದಕ್ಕೆ ಬಿಳಿ ಬಟ್ಟೆ ಕಟ್ಟಿ ನನ್ನ ಅಜ್ಜಂದಿರ ಬಾವಿಗೆ ಕಳಿಸಿದೆ. ಕಾಕಾ ಏನನ್ನೂ ಕೇಳದೆ ಸಸಿಮಡಿಯ ಕಡೆ ನೋಡುತ್ತ, ಮೋಡ ಇಳಿಯುತ್ತಿದೆ, ಬೇಗ ಶುರು ಮಾಡೋಣ ಎಂದ.

ನಾವು ಆರಿಸಿದೆವು. ಅಮ್ಮಿ, ತಂಗಿ, ಶೆಡ್ಡಿನ ಹೆಂಗಸರು, ಕಾಕಾನ ಮನೆಯವರು, ನಾನು. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಬೆರಳಾಡಿಸಿದರೆ ಒಂದು ತೆಗೆದಲ್ಲಿ ಇನ್ನೊಂದು ಸಿಗುತ್ತಿತ್ತು. ಕೆಲವು ಕೈಗೆ ಬರುತ್ತಲೇ ಹರಿದು ಚೂರಾಗಿ ಮತ್ತೆ ಕೆಸರಿಗೇ ಹೋಗುತ್ತಿದ್ದವು. ಮೇಲಿನ ಬೆಳ್ಳಿ ಬಣ್ಣ ಸುಲಿದು ಮೀನಿನ ಹುರುಪೆಯಂತೆ ನೀರಿನ ಮೇಲೆ ತೇಲುತ್ತಿತ್ತು. ಅದನ್ನು ಹಿಡಿಯಲು ಯಾರಿಂದಲೂ ಆಗಲಿಲ್ಲ. ಕೊನೆಗೂ ಟಿಲ್ಲರು ಇಳಿದಾಗ ಅದರ ಹಲ್ಲಿಗೆ ಹಾಳೆಗಳು ಸುತ್ತಿಕೊಂಡು ಮತ್ತೆ ಮತ್ತೆ ನಿಂತಿತು. ಟಿಲ್ಲರಿನವನು ನನ್ನನ್ನು ನೋಡುತ್ತಲೇ ಬ್ಲೇಡಿನಿಂದ ಅದನ್ನು ಕತ್ತರಿಸಿ ತೆಗೆಯುತ್ತಿದ್ದ.

ನಾಟಿ ಮುಗಿಯುವಷ್ಟರಲ್ಲಿ ಸಸಿ ಬಲಿತು ಹಳದಿಯಾಗಿತ್ತು. ಆ ಎರಡು ಮಡಿಗಳಲ್ಲಿ ಭತ್ತ ಅಲ್ಲೊಂದು ಇಲ್ಲೊಂದು ಎದ್ದಿತು, ತೆನೆ ಜೊಳ್ಳಾಯಿತು. ಕಾಕಾ ಅದರ ಬಗ್ಗೆ ಇಂದಿಗೂ ನನ್ನ ಹತ್ತಿರ ಮಾತೆತ್ತಿಲ್ಲ. ಸುಗ್ಗಿಯಾದ ಮೇಲೆ ಮೇಲಿನ ಮಡಿಯ ಹೊಸ ಅಕ್ಕಿ ಪದ್ಧತಿಯಂತೆ ಮನೆಗೆ ಬಂತು. ತಂಗಿ ಅದರ ಅನ್ನ ಬಡಿಸಲು ಬಂದಳು. ಬೆಳಗಾವಿಯಲ್ಲಿ ಊಟ ಮಾಡಿಯೇ ಬಂದಿದ್ದೇನೆ ಎಂದು ಸುಳ್ಳು ಹೇಳಿ ಎದ್ದೆ.

ಬಾವಿಯಿಂದಲೂ ಕೊಕ್ಕೆ ಹಾಕಿ ಎಳೆಸಿದೆ. ಮೇಲಿನದು ಬಂತು. ಕೆಳಗಿನದು ಕೆಸರಿನ ಜೊತೆ ಗಟ್ಟಿಯಾಗಿ ಕೂತಿದೆ, ಬರುವುದಿಲ್ಲ. ಅದರ ಕೆಳಗೆ ಅಜ್ಜಂದಿರು ಬಿಟ್ಟ ಹಾಳೆಗಳಿವೆ. ನಾಯಿಯ ಬಿಸ್ಕೀಟಿನ ಚೀಲಗಳ ಕೆಳಗೆ.

ಶೆಡ್ಡು ಮುಚ್ಚಿದೆ ಎಂದು ಬರೆದಿದ್ದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಮುಚ್ಚಿಲ್ಲ. ಲಾರಿ ಬರುತ್ತದೆ, ಹೆಂಗಸರು ಆರಿಸುತ್ತಾರೆ, ಅವರ ಮನೆಯ ಒಲೆ ಅದರ ಮೇಲೆ ಉರಿಯುತ್ತದೆ, ನನ್ನ ಮಕ್ಕಳ ಶಾಲೆಯೂ ಅದರ ಮೇಲೆ ನಡೆಯುತ್ತದೆ. ಅಮ್ಮಿ ಮಾತ್ರ ಶೆಡ್ಡಿಗೆ ಬರುವುದಿಲ್ಲ. ನನ್ನ ಮೇಲೆ ಕೂಗಾಡಿಲ್ಲ. ಹೋದರೆ ಚಹಾ ಕೊಡುತ್ತಾಳೆ, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಾಳೆ. ಒಂದೆರಡು ಬೈಗುಳ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಚಹಾ ಕುಡಿಯುವಾಗಲೆಲ್ಲ ಅನ್ನಿಸುತ್ತದೆ.

ಈ ವರ್ಷ ಮಳೆ ನಿಂತ ಮೇಲೆ ತಂಗಿ ಫೋನು ಮಾಡಿದಳು. ಅಮ್ಮಿಯ ಮದುವೆಯಲ್ಲಿ ತವರಿನಿಂದ ಬಂದ ಕುರಾನು ಪೂರಾ ಬಿಡಿಬಿಡಿಯಾಗಿದೆಯಂತೆ, ಅದನ್ನು ನೀರಿಗೆ ಬಿಡಬೇಕಂತೆ, ಬಾವಿ ಬೇಡವಂತೆ, ಖಾನಾಪುರದ ಹೊಳೆಗೆ ಹೋಗಬೇಕಂತೆ. ಮನೆಯ ಗಂಡುಮಗ ಮಾಡುವ ಕೆಲಸವದು. ನನಗೆ ಒಳಗೊಳಗೇ ಹಿಗ್ಗಾಯಿತು. ಕ್ಷಮಿಸಿದ್ದಾಳೆ ಅಂದುಕೊಂಡೆ. ಸ್ನಾನ ಮಾಡಿ, ನಮಾಜಿಗೆ ಮುಂಚಿನಂತೆ ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು, ತಲೆಗೆ ಟೋಪಿ ಇಟ್ಟು ಪಿಕಪ್ಪು ಹೊರಡಿಸಿದೆ.

ಹೋಗಿ ನೋಡಿದರೆ ಕಟ್ಟೆಯ ಮೇಲೆ ಕಾಕಾ ಕೂತಿದ್ದ. ತಲೆಸ್ನಾನ ಮಾಡಿದ್ದ, ಒಗೆದ ಧೋತರ ಉಟ್ಟಿದ್ದ. ಅವನ ತೊಡೆಯ ಮೇಲೆ ದಪ್ಪ ಹಸಿರು ಬಟ್ಟೆಯಲ್ಲಿ ಸುತ್ತಿದ ಗಂಟಿತ್ತು. ಎರಡೂ ಕೈಯಿಂದ ಹಿಡಿದಿದ್ದ. ನಾನು ಕೈ ಚಾಚಿದೆ. ಅವನು ಅಮ್ಮಿಯ ಕಡೆ ನೋಡಿದ. ಗಂಟು ಅವರ ಹತ್ತಿರವೇ ಇರಲಿ, ನೀನು ಗಾಡಿ ಹೊಡಿ ಎಂದಳು ಅಮ್ಮಿ.

ಮಲಪ್ರಭೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿದಾಗ ನಾನೂ ಇಳಿಯಲು ಬಾಗಿಲು ತೆರೆದೆ. ನೀನು ಇಲ್ಲೇ ಇರು ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗಾಡಿಯ ಗಾಜಿನ ಹಿಂದೆ ಕೂತು ನೋಡಿದೆ. ಕಾಕಾ ಚಪ್ಪಲಿ ಬಿಟ್ಟ, ಗಂಟನ್ನು ಅಮ್ಮಿಯ ಕೈಗೆ ಕೊಟ್ಟು ಕೈಕಾಲು ತೊಳೆದ, ಧೋತರ ಮೇಲೆ ಕಟ್ಟಿದ. ಹೇಗೆ ಬಿಡಬೇಕೆಂದು ಕೇಳುತ್ತಿದ್ದನೆಂದು ತೋರುತ್ತದೆ; ಅಮ್ಮಿ ಅಂಗೈ ಮೇಲೆ ಮಾಡಿ ತೋರಿಸಿದಳು. ಅವನು ಸೊಂಟದವರೆಗೆ ನೀರಿಗಿಳಿದು, ಮಲಗಿದ ಕೂಸನ್ನು ಇಳಿಸುವಂತೆ ಗಂಟನ್ನು ಇಳಿಸಿದ. ಅದು ಮುಳುಗುವವರೆಗೆ ಇಬ್ಬರೂ ಅಲ್ಲಾಡಲಿಲ್ಲ. ನನ್ನ ಮದುವೆಯ ದಿನ ನನ್ನ ತಲೆಯ ಮೇಲೆ ಹಿಡಿದಿದ್ದ ಕುರಾನು ಅದು. ನಾನು ಸ್ಟಿಯರಿಂಗು ಹಿಡಿದು ಕೂತಿದ್ದೆ.

ವಾಪಸು ಬರುವಾಗ ಮೂವರೂ ಮುಂದಿನ ಸೀಟಿನಲ್ಲೇ ಒತ್ತಿ ಕೂತಿದ್ದೆವು. ಕಾಕಾನ ಧೋತರದಿಂದ ನೀರು ಇಳಿದು ನನ್ನ ಕಾಲಿನವರೆಗೆ ಬಂತು. ಊರು ಹತ್ತಿರವಾಯಿತು. ನನ್ನ ಮುಖ ನೋಡಿ ಅವನಿಗೆ ಪಾಪ ಅನ್ನಿಸಿತೇನೋ, ನನ್ನ ತೊಡೆ ತಟ್ಟಿದ.

“ಮುಂದಿನ ಸಲ ನಿನ್ನ ಕೈಯಾಗಽ ಕೊಡತಾರ ತಗೋ ತಮ್ಮಾ.”

ನಾನು ಗಾಡಿಯ ವೇಗ ಕಡಿಮೆ ಮಾಡಿದೆ. ಅಮ್ಮಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಹೌದು ಎನ್ನಲಿಲ್ಲ.